ಸೀಟಿನ ಕೆಳಗಿನ ಕೆಂಪು ಚುಕ್ಕೆ

ಚಿಕ್ಕಪ್ಪ, ಆ ಚುಕ್ಕೆ ಇಟ್ಟವನು ನಾನು. ಮಹದೇವಣ್ಣನ ಸೈಕಲ್ಲಿನ ಸೀಟಿನ ಕೆಳಗೆ, ಓಡಿಸಿ ನೋಡದೆ, ಕೆಂಪು ಬಣ್ಣ ಅದ್ದಿ ಇಟ್ಟವನು — ನೀವಲ್ಲ, ನಾನು.

ಚಾಮರಾಜನಗರದ ನಮ್ಮ ಅಂಗಡಿಯಲ್ಲಿ ತಾತನ ಕಾಲದಿಂದ ಒಂದೇ ಕಟ್ಟುಪಾಡು: ರಿಪೇರಿಯಾದ ಸೈಕಲ್ಲನ್ನು ಮನೆಯವರೊಬ್ಬರು ಹತ್ತಿ ಒಂದು ಸುತ್ತು ಓಡಿಸಬೇಕು, ಚುಕ್ಕೆ ಆಮೇಲೆ. ಕಾಲೇಜಿನ ಚರ್ಚಾಸ್ಪರ್ಧೆಯಲ್ಲಿ ಬಹುಮಾನ ಗೆದ್ದಿದ್ದ ನನಗೆ ಅದೂ ಒಂದು ಮೂಢನಂಬಿಕೆ. “ಚುಕ್ಕೆ ಇಟ್ರೆ ಬೋಲ್ಟು ಬಿಗಿಯಾಯ್ತದಾ?” ಎಂದು ಕೆಣಕಿದ್ದೆ.

“ಸಡ್ಲ ಇದ್ರೆ ಹತ್ತಿದೋನ ಕುಂಡಿಗೆ ಗೊತ್ತಾಯ್ತದೆ ಕಣ್ಲಾ, ನಿನ್ ನಾಲ್ಗೆಗಲ್ಲ,” ಎಂದು ನೀವು ನಕ್ಕಿದ್ದಿರಿ.

ಅವತ್ತು ಹ್ಯಾಂಡಲ್ ಕೂರಿಸುತ್ತಿದ್ದಾಗಲೇ ಎಸ್‌ಟಿಡಿ ಬೂತಿನವನು ನಿಮಗೆ ಫೋನ್ ಬಂದಿದೆ ಎಂದು ಕರೆದ. ಎದ್ದು ಹೋದಿರಿ, ಬೋಲ್ಟು ಪೂರ್ತಿ ಬಿಗಿದಿರಲಿಲ್ಲ. ಅಂಥದ್ದನ್ನು ಹಿಡಿಯುವುದಕ್ಕೇ ಅಲ್ಲವೇ ಆ ಒಂದು ಸುತ್ತು? ಹಾಲಿನ ಮಹದೇವಣ್ಣ ತನ್ನೂರು ಚಂದಕವಾಡಿಗೆ ಹೊರಡುವ ಅವಸರದಲ್ಲಿದ್ದ. ನಾನು ಚುಕ್ಕೆ ಇಟ್ಟು ಕೊಟ್ಟುಬಿಟ್ಟೆ. ನೀವು ವಾಪಸ್ ಬಂದಾಗ, ಸಾಲುಗಟ್ಟಿ ನಿಂತಿದ್ದ ಸೈಕಲ್ಲುಗಳ ನಡುವೆ ಅದೊಂದು ಹೋದದ್ದು ನಿಮ್ಮ ಗಮನಕ್ಕೆ ಬರಲಿಲ್ಲ. ಇಳಿಜಾರಿನಲ್ಲಿ ಹ್ಯಾಂಡಲ್ ತಿರುಗಿತು, ಮುಂದಿನ ಚಕ್ರ ಅದರ ಜೊತೆ ತಿರುಗಲಿಲ್ಲ; ಬಿದ್ದ. ಅವನ ಬಲಗಾಲು ಇವತ್ತಿಗೂ ಮಡಚುವುದಿಲ್ಲ.

ಮರುದಿನ ಅವನ ತಮ್ಮ ಸೈಕಲ್ ಎಳೆದು ತಂದು ಅಂಗಡಿ ಮುಂದೆ ಎಸೆದ. “ಯಾರ್ಲಾ ಇದ್ನ ಓಡ್ಸಿ ನೋಡಿದ್ದು?”

ನೀವು ಬಾಯಿ ತೆರೆಯುವ ಮೊದಲೇ ನಾನು ವಾದಕ್ಕೆ ನಿಂತೆ. “ಚುಕ್ಕೆ ಇದೆ. ಓಡಿಸದೆ ಚಿಕ್ಕಪ್ಪ ಚುಕ್ಕೆ ಇಡಲ್ಲ. ರಿಪೇರಿ ಮಾಡಿದ್ದೂ ಅವರೇ.” ಬಿಡಿಬಿಡಿಯಾಗಿ ಒಂದು ಮಾತೂ ಸುಳ್ಳಲ್ಲ — ಅದೇ ನನ್ನ ಜಾಣತನ.

ನೀವು ನಿಮ್ಮ ಅಂಗೈ ನೋಡಿಕೊಂಡಿರಿ. “ಹತ್ತು ಸೈಕಲ್ ಬಂದಿದ್ವು... ಓಡ್ಸಿರ್ಬೇಕು. ನಂಗೇ ಗೊತ್ತಾಗ್ದೆ ಓಯ್ತಲ್ಲಾ.”

ತಿಂಗಳೊಳಗೆ ತಾತನ ಅಂಗಡಿಗೆ ಬಾಗಿಲು ಹಾಕಿ, ಗುಂಡ್ಲುಪೇಟೆಯ ಅಕ್ಕಿಗಿರಣಿಯ ಗೇಟು ಕಾಯಲು ಹೋದಿರಿ.

ಕಳೆದ ವಾರ ಅಲ್ಲಿಗೆ ಬಂದಿದ್ದೆನಲ್ಲ, ನನ್ನ ಸೈಕಲ್ಲಿನ ಚೈನು ಕಳಚಿತ್ತು. ಹಾಕಿಕೊಟ್ಟು ಹಿಂದೆ ಸರಿದಿರಿ: “ನೀನೊಂದ್ಸಲ ನೋಡ್ಬುಡು ಕಣ್ಲಾ. ನನ್ ಕೈ ನಂಬ್ಬೇಡ.” ನಾನು — ಮಾತಿಗೆ ಎಂದೂ ತಡವರಿಸದವನು — ಬಗ್ಗಿ ನೋಡಿದಂತೆ ಮಾಡಿ, “ಸರಿಯಾಗಿದೆ” ಎಂದೆ. ಅಷ್ಟೇ ಅಂದೆ.

ಅವಸರವಿತ್ತು, ವಯಸ್ಸು ಚಿಕ್ಕದು, ಬೋಲ್ಟು ಬಿಟ್ಟವರು ನೀವೇ — ವಾದ ಹೂಡಲು ನನಗೆ ಬರುತ್ತದೆ. ಹೂಡುವುದಿಲ್ಲ. ನಾನು ಚುಕ್ಕೆ ಇಡದೆ ಕಾದಿದ್ದರೆ, ನೀವು ಹತ್ತಿದಾಗ ಅಂಗಡಿ ಮುಂದೆಯೇ ಗೊತ್ತಾಗುತ್ತಿತ್ತು.

ಭಾನುವಾರ ಮೊದಲು ಚಂದಕವಾಡಿಗೆ ಹೋಗುತ್ತೇನೆ. ಮಹದೇವಣ್ಣನ ಎದುರು, ಅವನ ತಮ್ಮನ ಎದುರು ಇದನ್ನೇ ಹೇಳುತ್ತೇನೆ. ಅಲ್ಲಿಂದ ನಿಮ್ಮ ಗೇಟಿಗೆ. ಒಳಗೆ ಬಿಡುವುದೂ ಬಿಡದಿರುವುದೂ ನಿಮಗೆ ಸೇರಿದ್ದು.