ಒಂದೇ ಬಾಟಲಿಯ ಮಾತ್ರೆ

ಗಿಂಡಿ ಬಡಾವಣೆಯ ಪ್ರಯೋಗಾಲಯದಲ್ಲಿ ನನ್ನ ಕೆಲಸ ಇಲಿಗಳ ಕುತ್ತಿಗೆ ಸೀಳಿ ಥೈರಾಯ್ಡ್ ಗ್ರಂಥಿ ತೆಗೆಯುವುದು. ಎರಡು ತಳಿಗಳಿಗೆ ಒಂದೇ ಅಯೋಡಿನ್ ನೀರು ಕುಡಿಸುತ್ತಿದ್ದೆವು. ಒಂದು ತಳಿಗೆ ಏನೂ ಆಗುತ್ತಿರಲಿಲ್ಲ. ಇನ್ನೊಂದರ ಗ್ರಂಥಿಯನ್ನು ಅದರ ದೇಹವೇ ಹೊರಗಿನದೆಂದು ತಿಳಿದು ತಿಂದುಹಾಕುತ್ತಿತ್ತು. ವ್ಯತ್ಯಾಸ ನೀರಿನದಲ್ಲ, ಹುಟ್ಟಿನದು. ಇಲಿಯ ಉಚ್ಚೆಯ ನಾತ ಬಟ್ಟೆಗೆ ಮೆತ್ತಿಕೊಂಡಿರುತ್ತಿತ್ತು; ಮೆಟ್ರೋದಲ್ಲಿ ಪಕ್ಕದವರು ಎದ್ದು ಹೋಗುತ್ತಿದ್ದರು.

ಪುರಸೈವಾಕ್ಕಂನ ಮನೆಯಲ್ಲಿ, ಸ್ನಾನವಾಗದೆ ಅಡುಗೆಮನೆಯ ಹೊಸಿಲು ತುಳಿಯಲು ಅಮ್ಮ ಬಿಡುತ್ತಿರಲಿಲ್ಲ. ಒಂದು ದಿನ, ತಳಿ ಕೆಡದಿರಲು ಅಣ್ಣತಂಗಿ ಇಲಿಗಳನ್ನೇ ಕೂಡಿಸುತ್ತೇವೆ, ತಲೆಮಾರುಗಟ್ಟಲೆ, ಎಂದು ಬಾಯಿಬಿಟ್ಟೆ.

"ಥೂ, ಅಸಿಂಗ. ಊಟದ ಹೊತ್ತಲ್ಲಿ ಆಡೋ ಮಾತಾ ಇದು?" ಎಂದು ಅಮ್ಮ ಊರಿನ ತಮಿಳು ಬೆರೆಸಿ ಹೇಸುತ್ತಾ ತಟ್ಟೆ ಸರಿಸಿದಳು.

ನಮ್ಮ ತಟ್ಟೆಯಲ್ಲಿ ಹೆಗ್ಗಣ ಬಿದ್ದಿದ್ದರೂ ಪರರ ತಟ್ಟೆಯ ನೊಣ ಕಾಣುತ್ತದೆ. ಅದೇ ತಿಂಗಳು ಅವಳು ನನ್ನ ತಂಗಿಯನ್ನು ತನ್ನ ಕೊನೆಯ ತಮ್ಮನಿಗೆ ಕೊಡುವುದೆಂದು ನಿಶ್ಚಯಿಸಿದಳು. ಸೋದರಮಾವನಿಗೆ ಕೊಡುವುದು ನಮ್ಮಲ್ಲಿ ಹೊಸದಲ್ಲ. ಅಮ್ಮನೂ ತನ್ನ ಸೋದರಮಾವನನ್ನೇ ಮದುವೆಯಾದವಳು. ಅಮ್ಮ, ತಂಗಿ, ಆ ಮಾವ, ಮೂವರೂ ಖಾಲಿಹೊಟ್ಟೆಯಲ್ಲಿ ನುಂಗುವುದು ಥೈರಾಯ್ಡ್ ಮಾತ್ರೆ.

"ಹೊರಗಿನವರಾದ್ರೆ ಮಾತ್ರೆ ಮುಚ್ಚಿಡಬೇಕು. ಇಲ್ಲಿ ಆ ತೊಂದರೇನೇ ಇಲ್ಲ. ಇಬ್ಬರಿಗೂ ಒಂದೇ ಬಾಟಲಿ ಸಾಕು," ಎಂದಳು, ಕಾಫಿ ಬೆರೆಸುತ್ತಾ.

ಅವಳು ಕೊಟ್ಟ ಲೋಟವನ್ನು ಕುಡಿಯದೆ ಪಕ್ಕಕ್ಕಿಟ್ಟೆ. ಆರು ವರ್ಷ ಇಲಿ ಕೊಯ್ದು ಬಂದರೂ ಕಾಫಿ ಬೇಡವೆನಿಸಿರಲಿಲ್ಲ.

ತಂಗಿಗೆ ಈ ಮದುವೆ ಬೇಡವಾಗಿತ್ತು. "ಅಕ್ಕಾ, ನೀ ಹೇಳಿದ್ರೆ ಅಮ್ಮ ಕೇಪ್ಪಾಂಗ, ನಿನ್ನ ಮಾತು ಕೇಳ್ತಾಳೆ. ಲ್ಯಾಬಲ್ಲಿ ನೋಡಿದ್ದನ್ನ ಸೊಲ್ಲು, ಹೇಳು," ಎಂದು ಅಮ್ಮನ ಎದುರಿಗೇ ನನ್ನ ಕೈ ಹಿಡಿದಳು.

"ಏನಂತೆ ನಿನ್ನ ಇಲಿಶಾಸ್ತ್ರ?" ಅಮ್ಮ ಕೇಳಿದಳು.

ಹೇಳಿದರೆ ಅಮ್ಮನ ಮದುವೆಯನ್ನೂ ಅದರಲ್ಲಿ ಹುಟ್ಟಿದ ನಮ್ಮಿಬ್ಬರನ್ನೂ ಅವಳ ಮುಂದೆ ಕೊಯ್ದಿಟ್ಟಂತೆ. "ಇಲಿ ಲೆಕ್ಕ ಮನುಷ್ಯರಿಗೆ ಹಾಗೇ ಬರಲ್ಲಮ್ಮ," ಎಂದೆ. ಮಾತು ಸುಳ್ಳಲ್ಲ. ಆದರೆ ಕಳ್ಳನಿಗೊಂದು ಪಿಳ್ಳೆನೆವ. ತಂಗಿ ಕೈ ಬಿಟ್ಟಳು. ಅದನ್ನು ನೆನೆದರೆ ನನ್ನ ಮೇಲೆ ನನಗೇ ಹೇಸಿಗೆ.

ಮದುವೆ ಆಗಿಹೋಯಿತು. ಈಗ ತಂಗಿಯ ಮಗಳಿಗೆ ಐದು ವರ್ಷ. ಮೊನ್ನೆ ನಾನು ಕೆಲಸದಿಂದ ಬರುತ್ತಲೇ ತಂಗಿ ಮಗುವಿನ ಗದ್ದ ಎತ್ತಿ ಹಿಡಿದಳು.

"ಊದಿದ ಹಾಗಿದೆ. ನೀ ದಿನಾ ಕುತ್ತಿಗೆ ನೋಡೋಳಲ್ವಾ ಅಕ್ಕಾ, ಇದನ್ನೂ ನೋಡು."

ಕೈ ತೊಳೆದು ಬರುತ್ತೇನೆ ಎಂದು ಬಚ್ಚಲಿಗೆ ಹೋದೆ. ಸೋಪು ಹಚ್ಚಿ ತೊಳೆದೆ, ಮತ್ತೆ ತೊಳೆದೆ. ಬಾಗಿಲಾಚೆ ಮಗು ಗದ್ದ ಎತ್ತಿಕೊಂಡೇ ಕಾಯುತ್ತಿತ್ತು.