ಚಿಕ್ಕಮ್ಮನ ಎಡಗಾಲಿನ ಮೆತ್ತೆ

ನಮ್ಮ ಚಿಕ್ಕಪ್ಪ ಟೈಲರ್. ಒಂದು ಭುಜ ಇಳಿದವರಿಗೆ ಕೋಟಿನೊಳಗೆ ಹತ್ತಿ ತುಂಬಿ, ಹೊಟ್ಟೆ ಬಂದವರಿಗೆ ಪ್ಯಾಂಟಿನ ನೆರಿಗೆ ಸರಿಸಿ, ಎಲ್ಲರನ್ನೂ ಕನ್ನಡಿಯ ಮುಂದೆ ನೆಟ್ಟಗೆ ನಿಲ್ಲಿಸಿ ಕಳಿಸುತ್ತಿದ್ದರು. "ದೇವರು ತಪ್ಪು ಕತ್ತರಿಸಿದ್ದನ್ನ ನಾನು ಸರಿ ಮಾಡ್ತೀನಿ" ಎಂದು ಜಂಬ ಕೊಚ್ಚುತ್ತಿದ್ದರು. ಆ ಜಂಬವೇ ಮುಳುವಾಯಿತು.

ನಮ್ಮಮ್ಮ ಹಾಸಿಗೆ ಹಿಡಿದಿದ್ದಳು. ನಮ್ಮದು ಮೂರನೇ ಮಹಡಿ, ಲಿಫ್ಟ್ ಇಲ್ಲ. ಅಮ್ಮನಿಗೆ ಚಿಕ್ಕಮ್ಮ ಒಬ್ಬಳೇ ತಂಗಿ. ದಿನಾ ಸಂಜೆ ಬಂದು ಹರಟುತ್ತಿದ್ದವಳು ಸೊಂಟ ಕೆಟ್ಟ ಮೇಲೆ ಬರುವುದನ್ನೇ ನಿಲ್ಲಿಸಿದಳು. ಸೊಂಟದ ಕೀಲು ಬದಲಿಸುವ ಆಪರೇಷನ್‌ಗೆ ಅವಳು ಒಪ್ಪಿದ್ದೇ ನಮ್ಮ ಮೆಟ್ಟಿಲು ಹತ್ತುವ ಆಸೆಯಿಂದ.

ಆಪರೇಷನ್ ಆಯಿತು, ನೋವು ಹೋಯಿತು. ಆದರೆ ಬಲಗಾಲು ಎಡಗಾಲಿಗಿಂತ ಕೊಂಚ ಉದ್ದವಾಗಿ ಕೂತಿತು. ವ್ಯಾಯಾಮ ಹೇಳಿಕೊಡುವ ಫಿಸಿಯೋ ಅಳತೆ ನೋಡಿ, ಎಡಗಾಲಿನ ಶೂ ಒಳಗಿಡಲು ಒಂದು ಮೆತ್ತೆ ಕೊಟ್ಟಳು. "ಮೊದಮೊದಲು ಒತ್ತುತ್ತೆ ಅಮ್ಮ, ತೆಗೀಬೇಡಿ. ನಡಿಗೆ ಸರಿಹೋಗುತ್ತೆ" ಅಂದಳು.

ಮೆತ್ತೆ ಇಟ್ಟರೆ ಶೂ ಬಿಗಿ. ಚಿಕ್ಕಮ್ಮ ಮುಖ ಸಿಂಡರಿಸಿದಳು. ಒಂದು ಸೈಜು ದೊಡ್ಡ ಶೂ ತಂದಿದ್ದರೆ ಮುಗಿಯುತ್ತಿತ್ತು. ಆದರೆ ಚಿಕ್ಕಪ್ಪನ ಕಣ್ಣು ಬಿದ್ದದ್ದು ಅವಳ ಉದ್ದ ಲಂಗದ ಮೇಲೆ. ಅದರ ಅಂಚು ಎಡಗಡೆ ಇಳಿದಿತ್ತು.

"ಅಯ್ಯೋ, ಇಷ್ಟೇನಾ? ಲಂಗ ಎಲ್ಲಾ ತಂದುಕೊಡು. ನಾಳೆಯಿಂದ ನೀನು ಕುಂಟೋದು ಯಾರಿಗೂ ಗೊತ್ತಾಗಲ್ಲ."

ಅಷ್ಟೂ ಲಂಗಗಳ ಎಡ ಅಂಚನ್ನು ಮೇಲಕ್ಕೆ ಮಡಚಿ ಹೊಲಿದರು. ಕನ್ನಡಿಯಲ್ಲಿ ಅಂಚು ಸಮವಾಗಿ ಕಂಡದ್ದೇ ತಡ, ಚಿಕ್ಕಮ್ಮನಿಗೂ ಖುಷಿಯೋ ಖುಷಿ. ಮೆತ್ತೆ ದಾರದ ಡಬ್ಬಿಯ ತಳ ಸೇರಿತು. ಬೇಡ ಬೇಡ ಎಂದು ನಾನು ಬಾಯಿ ಬಡಿದುಕೊಂಡೆ. "ನೀನೇನು ಟೈಲರಾ?" ಎಂದು ಸುಮ್ಮನಾಗಿಸಿದರು. ಇವತ್ತಿಗೂ ಆ ಮಾತು ನೆನೆದರೆ ಮೈ ಉರಿಯುತ್ತದೆ.

ಲಂಗ ಸಮವಾಯಿತು, ಕಾಲು ಆಗಲಿಲ್ಲ. ವರ್ಷ ತುಂಬುವುದರೊಳಗೆ ಚಿಕ್ಕಮ್ಮನ ಬೆನ್ನು ಹಿಡಿದುಕೊಂಡಿತು. ನಮ್ಮ ಮನೆಗೆ ಹೊರಟರೆ ಮೊದಲ ಮಹಡಿಯಲ್ಲೇ ಕೂತು ವಾಪಸ್ಸಾಗುತ್ತಿದ್ದಳು. ಇತ್ತ ಅಮ್ಮನ ನೆನಪು ಮಾಸತೊಡಗಿತ್ತು. ತಂಗಿ ಯಾಕೆ ಬರಲ್ಲ ಎಂದು ಹಠ ಹಿಡಿದಾಗಲೆಲ್ಲ ಅವಳ ಕಾಲಿನ ಕಥೆ ಹೇಳಿ ಸಮಾಧಾನ ಮಾಡುತ್ತಿದ್ದೆ.

ಬೆನ್ನು ತೋರಿಸಲು ಹೋದಾಗ ಫಿಸಿಯೋ ಕೇಳಿದ್ದು ಒಂದೇ: "ಮೆತ್ತೆ ಎಲ್ಲಿ?"

ಚಿಕ್ಕಪ್ಪ ತಲೆ ತಗ್ಗಿಸಿದರು. ಅವತ್ತೇ ದೊಡ್ಡ ಶೂ ಬಂತು. "ನಾನೇ ಹಾಳು ಮಾಡ್ದೆ, ನಾನೇ" ಎನ್ನುತ್ತಾ ಲಂಗಗಳ ಹೊಲಿಗೆಯನ್ನೆಲ್ಲ ಬಿಚ್ಚಿದರು. ಕೆಲವು ತಿಂಗಳಲ್ಲಿ ಚಿಕ್ಕಮ್ಮನ ನಡಿಗೆ ನೆಟ್ಟಗಾಯಿತು, ಬೆನ್ನೂ ಹಗುರಾಯಿತು. "ಇಷ್ಟು ಸುಲಭ ಇತ್ತೇನ್ರೀ?" ಎಂದಳಂತೆ.

ಒಂದು ಸಂಜೆ ಇಬ್ಬರೂ ಮೂರು ಮಹಡಿ ಹತ್ತಿ ಬಂದರು. ಚಿಕ್ಕಮ್ಮ ಎಲ್ಲೂ ಆತುಕೊಳ್ಳದೆ ಕೋಣೆ ದಾಟಿ ಮಂಚದ ಹತ್ತಿರ ಹೋದಳು.

"ಅಕ್ಕಾ, ಬಂದೆ ಕಣೇ."

ಅಮ್ಮ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿ ನಕ್ಕಳು.

"ಎಷ್ಟು ಚೆನ್ನಾಗಿ ನಡೀತೀಯಮ್ಮ! ಯಾರ ಮನೆಯವಳು ನೀನು? ನನಗೂ ಒಬ್ಬಳು ತಂಗಿ ಇದ್ದಾಳೆ. ಪಾಪ, ಕುಂಟ್ತಾಳೆ, ಮೆಟ್ಟಿಲು ಹತ್ತೋಕಾಗಲ್ಲ. ಇಲ್ಲದಿದ್ರೆ ಬಂದೇ ಬರ್ತಿದ್ಲು."