ಕಿಟಕಿಯಿಂದ ಕಿತ್ತ ಕಂಬಳಿ

ಸಿಟ್ಟು ನನ್ನ ಮೂಗಿನ ತುದಿಯಲ್ಲೇ ಇರುತ್ತದೆಂದು ಮನೆಯವಳು ಈಗಲೂ ಹಂಗಿಸುತ್ತಾಳೆ. ಸುಳ್ಳಲ್ಲ. ಸಾವಿರದ ಒಂಬೈನೂರ ಎಂಬತ್ತರ ಆಸುಪಾಸಿನಲ್ಲಿ ಬೆಳಗಾವಿಯಿಂದ ಜೀಪಿನಲ್ಲಿ ಪ್ರೊಜೆಕ್ಟರು ಹೇರಿಕೊಂಡು ಹೋಗಿ, ಕಾಡು, ಹೊಳೆ, ಪ್ರಾಣಿಗಳನ್ನು ಉಳಿಸಿಕೊಳ್ಳಿರೆಂದು ಹೇಳುವ ಸಾಕ್ಷ್ಯಚಿತ್ರಗಳನ್ನು ಖಾನಾಪುರದ ಹಳ್ಳಿಗಳಲ್ಲಿ ತೋರಿಸುವುದು ನನ್ನ ನೌಕರಿಯಾಗಿತ್ತು. ಚಿತ್ರದ ಮಾತು ಹಿಂದಿಯಲ್ಲಿರುತ್ತಿತ್ತು. ನಾನು ಅದರ ದನಿ ಇಳಿಸಿ, ಅರ್ಧ ಕನ್ನಡ, ಅರ್ಧ ಮರಾಠಿಯಲ್ಲಿ ನನ್ನದೇ ಪುರಾಣ ಹೇಳುತ್ತಿದ್ದೆ. ಜನ ನಕ್ಕರೆ ನನಗೆ ಊಟವೇ ಬೇಡ, ಅಷ್ಟು ಖುಷಿ.

ಆ ದಿನ ಜಾಂಬೋಟಿ ಕಡೆಯ ಒಂದು ಶಾಲೆ. ಹಾಡಹಗಲು, ಹೊರಗೆ ಜಡಿಮಳೆ. ಚಿತ್ರ ಕಾಣಲು ಕತ್ತಲೆ ಬೇಕಲ್ಲ. ಜನ ಹೊದ್ದು ಬಂದ ಕಂಬಳಿಗಳನ್ನೇ ಕೇಳಿ ಪಡೆದು ಕಿಟಕಿಗಳಿಗೆ ಕಟ್ಟುವುದು ನಮ್ಮ ಪದ್ಧತಿ.

"ಮೂಲ್ಯಾಗ ಕುಂತಾನಲ್ಲರಿ, ಅವನ ಎಮ್ಮಿ ಮೊನ್ನಿ ಹುಲಿ ಹಿಡೀತು. ಹಾಲ ಕೊಡೂ ಎಮ್ಮಿ. ಹುಲೀನ ಬಿಡಂಗಿಲ್ಲ ಅಂತ ಕುಣ್ಯಾಕತ್ತಾನ. ನಿಮ್ಮ ಪಿಚ್ಚರ್ ನೋಡಿಯಾದ್ರೂ ತಣ್ಣಗಾಗ್ಲಿ," ಎಂದು ಮಾಸ್ತರರು ಪಿಸುಗುಟ್ಟಿದರು.

ಆ ಮನುಷ್ಯನ ಕಾಲಬಳಿ ಅವನ ನಾಯಿ ಮಲಗಿತ್ತು. ವೈರುಗಳ ನಡುವೆ ನಾಯಿಯೇ? "ಹಚಾ!" ಎಂದು ಮಳೆಗೇ ಅಟ್ಟಿಬಿಟ್ಟೆ.

ಪರದೆಯ ಮೇಲೆ ಹುಲಿ ಬಂದಾಗ ಹೆಣ್ಣುಮಕ್ಕಳು ಕೈ ಮುಗಿದರು. ಆಮೇಲೆ, ಹುಲಿ ತಿಂದು ಬಿಟ್ಟ ದನಕ್ಕೆ ಒಬ್ಬ ವಿಷ ಸವರುವ ದೃಶ್ಯ. "ಹುಲಿ ಒಂದೇ ತಿಂತೈತಿ ಅನಕೊಂಡೀರೇನು? ನೋಡ್ರಿ, ರಣಹದ್ದು ಬಂತು, ನರಿ ಬಂತು. ಆಮ್ಯಾಲೆ ಯಾರು? ನಮ್ಮ ಮನಿ ನಾಯಿ!" ಎಂದು ರಾಗ ಎಳೆದೆ. ಪರದೆಯಲ್ಲಿ ನಾಯಿಯೊಂದು ಸತ್ತು ಬಿದ್ದಿತ್ತು.

ಫಕ್ಕನೆ ಬೆಳಕು ನುಗ್ಗಿ ಚಿತ್ರ ಮಾಯವಾಯಿತು. ಮೂಲೆಯವನು ಕಿಟಕಿಯಿಂದ ತನ್ನ ಕಂಬಳಿ ಕಿತ್ತು, ತಲೆಯ ಮೇಲೆಳೆದುಕೊಂಡು ಮಳೆಯಲ್ಲಿ ಓಡುತ್ತಿದ್ದ.

"ಏ ಖೋಡಿ! ಪಿಚ್ಚರ್ ನಡದಾಗ ಕಂಬಳಿ ಕೀಳ್ತಿ? ಬುದ್ಧಿ ಐತೋ ಇಲ್ಲೋ?" ಕಿರುಚಿದೆ.

"ಬೈಬ್ಯಾಡ್ರಿ ಸಾಹೇಬ್ರ," ಅವನ ತಾಯಿ ಎದ್ದು ನಿಂತಳು. "ಮುಂಜಾನೆ ಎಮ್ಮಿ ಹೆಣಕ್ಕ ವಿಷ ಸವರಿ ಬಂದಾನ. ನೀವು ಹೊರಗ ಹಾಕಿದ ನಾಯಿ ಅತ್ಲಾಗ ಹೋತೋ ಏನೋ."

ಊರಿನ ಇಬ್ಬರು ಸಲಿಕೆ ಹಿಡಿದು ಅವನ ಹಿಂದೆ ಓಡಿದರು. ಪ್ರೊಜೆಕ್ಟರು ನಿಲ್ಲಿಸಿದೆ. ಮಾಸ್ತರರು ಕೊಟ್ಟ ಚಹಾ ಹಿಡಿದು ಬಾಗಿಲಲ್ಲೇ ನಿಂತೆ. ಶಿವನೇ, ಆ ನಾಯಿಯೊಂದನ್ನು ಉಳಿಸಪ್ಪ ಎಂದು ಬೇಡಿಕೊಂಡೆ. ಹೆಸರೂ ಗೊತ್ತಿಲ್ಲದ ನಾಯಿಗಾಗಿ ಅಷ್ಟು ಸಂಕಟಪಟ್ಟದ್ದು ಅದೇ ಮೊದಲು. ಒಬ್ಬರೂ ಮನೆಗೆ ಹೋಗಲಿಲ್ಲ.

ಎರಡು ತಾಸಿನ ಮೇಲೆ ಅವನು ಬಂದ. ಮೊಣಕಾಲತನಕ ಕೆಸರು.

"ಎಮ್ಮಿ ಹುಗದ ಬಂದೆರಿ. ಮ್ಯಾಲ ಕಲ್ಲ ಹೇರೇವಿ. ಇದು ದಾರ್ಯಾಗ ಸಿಕ್ತು," ಎಂದು ಹಿಂದೆ ನೋಡಿದ. ನಾಯಿ ಬಾಲ ಅಲ್ಲಾಡಿಸಿತು. ನೀರು ಸುರಿಯುವ ಕಂಬಳಿಯನ್ನು ತಾನೇ ಕಿಟಕಿಗೆ ಕಟ್ಟಿ, "ಪಿಚ್ಚರ್ ಹಚ್ಚರಿ ಸಾಹೇಬ್ರ. ಹುಲಿ ಉಳೀತೋ ಇಲ್ಲೋ ನೋಡೂಣು," ಎಂದ.

ನಾಯಿ ಒಳಗೆ ಬಂದು, ಪ್ರೊಜೆಕ್ಟರಿನ ಪಕ್ಕದಲ್ಲೇ ನಿಂತು ಮೈ ಕೊಡವಿತು. ನನ್ನ ಅಂಗಿ, ರೀಲಿನ ಡಬ್ಬಿ ಎಲ್ಲ ತೊಯ್ದವು. ಊರಿಗೆ ಊರೇ ನನ್ನ ಬಾಯಿ ನೋಡುತ್ತಿತ್ತು. ನಾನು ವೈರು ಬದಿಗೆ ಸರಿಸಿ, ಅದಕ್ಕೆ ಮಲಗಲು ಜಾಗ ಮಾಡಿದೆ.